ಹಳೇ ಮೈಟರ್ ಬಾಕ್ಸ್: ಮೂಲೆ ಕೂಡದಿದ್ದರೆ ದೋಷ ಹುಡುಕುವ ಕ್ರಮ

ಮೈಟರ್ ಬಾಕ್ಸ್ ಅಂದರೆ ಮರವನ್ನು 45, 90ರಂಥ ನಿಗದಿತ ಕೋನಕ್ಕೆ ಕೊಯ್ಯಲು ಗರಗಸವನ್ನು ಹಿಡಿದು ನಡೆಸುವ ಸಾಧನ. ಚೌಕಟ್ಟಿನ ಮೂರು ಮೂಲೆ ಬಿಗಿಯಾಗಿ ಕೂತು ನಾಲ್ಕನೆಯದು ಬಾಯಿ ಬಿಟ್ಟಿತು ಅಂದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಕೋನದ ಸ್ಕ್ರೂಗೆ. ಕೆಲಸ ಕೆಡುವುದೂ ಅಲ್ಲಿಂದಲೇ. ಅಮೆರಿಕದ ಕಂಪನಿಗಳಾದ ಸ್ಟ್ಯಾನ್ಲಿ, ಮಿಲ್ಲರ್ಸ್ ಫಾಲ್ಸ್‌ನ ಲ್ಯಾಂಗ್ಡನ್ ಥರದ ಹಳೇ ಎರಕದ ಕಬ್ಬಿಣದ ಬಾಕ್ಸುಗಳಲ್ಲಿ ಗರಗಸ ಹೊತ್ತ ತೋಳು ತಿರುಗಿ ಬಂದು ನಿಲ್ಲುವ ಕೋನದ ಕಚ್ಚುಗಳನ್ನು ಕಾರ್ಖಾನೆಯಲ್ಲೇ ಕೊರೆದಿರುತ್ತಾರೆ. ಅವು ತಾವಾಗಿ ಜಾಗ ಬದಲಿಸುವುದಿಲ್ಲ. ಗರಗಸದ ಹಲ್ಲು, ಅಲಗನ್ನು ನೇರ ಹಿಡಿಯುವ ಗೈಡ್, ಮರ ಆತುಕೊಳ್ಳುವ ಫೆನ್ಸ್, ಕೊನೆಗೆ ಮರವೇ ತಪ್ಪು ಮಾಡಿರುವ ಸಂಭವ ಅದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಕೋನದ ಸ್ಕ್ರೂವನ್ನು ಕಟ್ಟಕಡೆಗೆ ಮುಟ್ಟಿ. ಒಮ್ಮೆ ಅದನ್ನು ಸಡಿಲಿಸಿದರೆ ಹೊಸದೊಂದು ತಪ್ಪು ಸೇರಿಕೊಳ್ಳುತ್ತದೆ, ಆಮೇಲೆ ಹಳೆಯದು ಯಾವುದು ಹೊಸದು ಯಾವುದು ಎಂದು ಬಿಡಿಸುವುದೇ ಕಷ್ಟ.

ಎಷ್ಟು ನಿಖರತೆ ಬೇಕು ಎಂಬ ಲೆಕ್ಕ ಮೊದಲೇ ತಲೆಯಲ್ಲಿರಲಿ. ನಾಲ್ಕು ಮೂಲೆಗೆ ಎಂಟು ಕೊಯ್ತ. ಎಲ್ಲವೂ ಒಂದೇ ಕಡೆಗೆ ಅರ್ಧ ಡಿಗ್ರಿ ತಪ್ಪಿದರೆ ಒಟ್ಟು 4 ಡಿಗ್ರಿ. 50 ಮಿ.ಮೀ. ಅಗಲದ ಪಟ್ಟಿಯಲ್ಲಿ ಓರೆ ಕೊಯ್ತದ ಉದ್ದ ಸುಮಾರು 70 ಮಿ.ಮೀ. ಇರುತ್ತದೆ. ಮೂರು ಮೂಲೆ ಒತ್ತಿ ಕೂರಿಸಿದರೆ ನಾಲ್ಕನೆಯದು ಹತ್ತಿರ ಹತ್ತಿರ 5 ಮಿ.ಮೀ. ತೆರೆಯುತ್ತದೆ. ತಪ್ಪು 0.1 ಡಿಗ್ರಿಗೆ ಇಳಿದರೂ ಅಲ್ಲಿ 1 ಮಿ.ಮೀ. ಸಂದು ಉಳಿಯುತ್ತದೆ. ಮೈಸೂರು ಶೈಲಿಯ ಚಿತ್ರಕ್ಕೆ ಹಾಕುವ ಚೌಕಟ್ಟಾಗಲಿ, ಬೀಟೆ ಮರದ ಇನ್‌ಲೇ ಫಲಕದ ಅಂಚಾಗಲಿ, ಅಷ್ಟು ಸಂದು ದೂರದಿಂದಲೇ ಕಾಣುತ್ತದೆ. ಪುಟ್ಟಿ ತುಂಬಿದರೆ ಬಣ್ಣ ಹೊಡೆದ ಮರದಲ್ಲಿ ಮರೆಯಾದೀತು, ಪಾಲಿಶ್ ಮಾಡಿದ ಮರದಲ್ಲಿ ಆಗುವುದಿಲ್ಲ.

ಕೊಯ್ದಾಗಲೇ ಇತ್ತೋ, ಆಮೇಲೆ ಬಂತೋ

ಬಾಕ್ಸನ್ನು ಬಿಚ್ಚುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಜೋಡಿಸಿದ ದಿನ ಮೂಲೆ ಬಿಗಿಯಾಗಿದ್ದು ತಿಂಗಳುಗಳ ಮೇಲೆ ತೆರೆದಿದ್ದರೆ ಬಾಕ್ಸಿನ ತಪ್ಪಲ್ಲ. ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಗಲಕ್ಕೆ ಚೆನ್ನಾಗಿ ಕುಗ್ಗುತ್ತದೆ. ಅಗಲ ಕುಗ್ಗಿದರೆ 45 ಡಿಗ್ರಿಯ ತುದಿ ಇನ್ನಷ್ಟು ಚೂಪಾಗುತ್ತದೆ, ಹೊರಮೂಲೆ ಕೂಡಿಕೊಂಡೇ ಇದ್ದು ಒಳಮೂಲೆ ಬಿಡುತ್ತದೆ. 60 ಮಿ.ಮೀ. ಅಗಲದ ಪಟ್ಟಿ ನೂರಕ್ಕೆ ಒಂದರಷ್ಟು ಕುಗ್ಗಿದರೆ ಸಾಕು, ಒಳಮೂಲೆಯಲ್ಲಿ ಸುಮಾರು 0.8 ಮಿ.ಮೀ. ಸಂದು. ಮರ ತೇವ ಕುಡಿದು ಉಬ್ಬಿದರೆ ಉಲ್ಟಾ: ಒಳಗೆ ಒತ್ತಿಕೊಂಡು ಹೊರಮೂಲೆ ತೆರೆಯುತ್ತದೆ.

ಮೈಸೂರು, ಮಂಡ್ಯ ಕಡೆ ಇದು ಪ್ರತಿ ವರ್ಷದ ಪಾಠ. ಆಷಾಢ ಶ್ರಾವಣದ ಮಳೆಗಾಲದಲ್ಲಿ, ಹೊರಗೆ ಶೀಟಿನ ಕೆಳಗೆ ಪೇರಿಸಿಟ್ಟ ಮರ ತಂದು ಅವತ್ತೇ ಕೊಯ್ದು ಅಂಟಿಸಿದ ಚೌಕಟ್ಟು ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಒಳಮೂಲೆಯಲ್ಲಿ ಬಾಯಿ ಬಿಡುತ್ತದೆ. ಮಂಡ್ಯದ ಕಾಲುವೆ ಸೀಮೆಯಲ್ಲಿ ಗದ್ದೆಗೆ ಅಂಟಿಕೊಂಡ ಕೊಟ್ಟಿಗೆಯಲ್ಲಿ ಇಟ್ಟ ಮರದ ಪಾಡೂ ಇದೇ. ತೇಗ ಕಡಿಮೆ ಆಡುತ್ತದೆ. ಫ್ರೇಮಿನ ಕೆಲಸಕ್ಕೆ ಹೆಚ್ಚಾಗಿ ಬರುವ ಸಿಲ್ವರ್ ಓಕ್ ಜಾಸ್ತಿ ಆಡುತ್ತದೆ. ಕೆಲಸ ಮಾಡುವ ಕೋಣೆಯೊಳಗೆ, ಎರಡು ಹಲಗೆಯ ನಡುವೆ ರೀಪರ್ ತುಂಡು ಕೊಟ್ಟು, ಗಾಳಿಯಾಡುವ ಹಾಗೆ ಎರಡು ಮೂರು ವಾರ ಇಟ್ಟು ಆಮೇಲೆ ಕೊಯ್ಯಿರಿ. ಬಾಕ್ಸಿಗೆ ಮಾಡುವ ಯಾವ ರಿಪೇರಿಯೂ ಈ ದೋಷವನ್ನು ತಡೆಯುವುದಿಲ್ಲ.

ಅಂಟು ಹಾಕುವ ಮೊದಲೇ, ಒಣಗಿಯೇ ಜೋಡಿಸಿ ನೋಡಿದಾಗ ಸಂದು ಇತ್ತು ಎಂದಾದರೆ ಮುಂದೆ ಓದಿ.

ಮಗುಚಿ ನೋಡುವ ಪರೀಕ್ಷೆ

ಬಾಕ್ಸ್ ಸರಿಯಿದೆಯೋ ಇಲ್ಲವೋ ಎಂದು ಹೇಳಲು ದುಬಾರಿ ಅಳತೆಯ ಸಾಮಾನು ಬೇಡ. 90 ಡಿಗ್ರಿ ನೋಡುವ ಮೂಲೆಮಟ್ಟವೇ ತಪ್ಪಿರಬಹುದು, ಈ ಪರೀಕ್ಷೆ ತಪ್ಪುವುದಿಲ್ಲ.

100 ಮಿ.ಮೀ. ಅಗಲ, 20 ಮಿ.ಮೀ. ದಪ್ಪ, ಒಂದಡಿ ಉದ್ದದ ಒಣ ಹಲಗೆ ತೆಗೆದುಕೊಳ್ಳಿ. ಎರಡೂ ಅಂಚು ನೇರವಾಗಿ, ಒಂದಕ್ಕೊಂದು ಸಮಾನಾಂತರವಾಗಿ ಹತ್ತರಿ ಹೊಡೆದಿರಬೇಕು. ಇಲ್ಲಿ ಎಡವಿದರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಬಾಕ್ಸನ್ನು 90ರ ಕಚ್ಚಿಗೆ ನಿಲ್ಲಿಸಿ, ಹಲಗೆಯನ್ನು ಫೆನ್ಸಿಗೆ ಒತ್ತಿ ನಡುವೆ ಕೊಯ್ಯಿರಿ. ಎರಡೂ ತುಂಡಿನ ಮೇಲ್ಮುಖಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಈಗ ಬಲಗಡೆಯ ತುಂಡನ್ನು ಮಾತ್ರ ಉದ್ದದ ಸುತ್ತ ಹೊರಳಿಸಿ ಮಗುಚಿ: ಮೇಲಿದ್ದ ಮುಖ ಕೆಳಗೆ, ಫೆನ್ಸಿಗೆ ತಾಗಿದ್ದ ಅಂಚು ನಿಮ್ಮ ಕಡೆಗೆ. ಎರಡನ್ನೂ ನೇರವಾದ ಪಟ್ಟಿಗೆ ಒರಗಿಸಿ, ಕೊಯ್ದ ಮುಖಗಳನ್ನು ಸೇರಿಸಿ ಬೆಳಕಿಗೆ ಹಿಡಿಯಿರಿ.

ಮೇಲಿಂದ ನೋಡಿದಾಗ ಒಂದು ಅಂಚಿನ ಕಡೆಗೆ ಸಂದು ಅಗಲವಾಗುತ್ತಾ ಹೋದರೆ ಬಾಕ್ಸಿನ ಅಡ್ಡ ಕೋನ ತಪ್ಪಿದೆ. ಪಕ್ಕದಿಂದ ನೋಡಿದಾಗ ಮೇಲೆ ಅಥವಾ ಕೆಳಗೆ ಸಂದು ಕಂಡರೆ ಗರಗಸ ನೆಟ್ಟಗೆ ನಿಂತಿಲ್ಲ, ವಾಲಿದೆ. ಒಂದೇ ಕೊಯ್ತ ಎರಡನ್ನೂ ಹೇಳುತ್ತದೆ. ಕಾಣುವ ಸಂದು ನಿಜವಾದ ತಪ್ಪಿನ ಎರಡರಷ್ಟು, ಹಾಗಾಗಿ ಕಣ್ಣಿಗೆ ಸುಲಭ. ಅಳೆಯಲು ಜೆರಾಕ್ಸ್ ಕಾಗದ ಸಾಕು. ಸಾಮಾನ್ಯ ಎ4 ಹಾಳೆ ಸುಮಾರು 0.1 ಮಿ.ಮೀ. ದಪ್ಪ. ಸಂದಿನ ಬಾಯಲ್ಲಿ ಒಂದು ಹಾಳೆ ಹಿಡಿಸಿ ಎರಡು ಹಿಡಿಸದಿದ್ದರೆ 100 ಮಿ.ಮೀ. ಅಗಲಕ್ಕೆ ತಪ್ಪು 0.05 ಮಿ.ಮೀ. ಅಷ್ಟೇ, ಕೈಗರಗಸಕ್ಕೆ ಇದು ಬಹಳ ಒಳ್ಳೆಯ ಫಲಿತಾಂಶ. ಮೂರು ನಾಲ್ಕು ಹಾಳೆ ಹಿಡಿಸಿದರೆ 0.1 ಡಿಗ್ರಿಯ ಆಸುಪಾಸು. ಅದಕ್ಕಿಂತ ಮೇಲಿದ್ದರೆ ರಿಪೇರಿ ಬೇಕು.

ವಾಲಿಕೆಯನ್ನು 20 ಮಿ.ಮೀ. ದಪ್ಪದಲ್ಲಿ ಅಳೆಯುವುದು ಕಷ್ಟ. ಅದಕ್ಕೆ 60 ಮಿ.ಮೀ. ಎತ್ತರದ ಒಂದು ತುಂಡನ್ನು ಬೇರೆಯಾಗಿ ಕೊಯ್ದು ಇದೇ ರೀತಿ ಮಗುಚಿ ನೋಡಿ. ಪ್ರತಿ ಪರೀಕ್ಷೆಯನ್ನೂ ಕನಿಷ್ಠ ಮೂರು ಸಲ ಮಾಡಿ. ಮೂರರಲ್ಲೂ ಅದೇ ಕಡೆಗೆ ಅಷ್ಟೇ ಸಂದು ಬಂದರೆ ದೋಷ ಬಾಕ್ಸಿನದು. ಒಂದು ಸಲ ಎಡಕ್ಕೆ, ಇನ್ನೊಂದು ಸಲ ಬಲಕ್ಕೆ ಬಂದರೆ ಏನೋ ಸಡಿಲವಾಗಿದೆ, ಇಲ್ಲವೇ ಕೊಯ್ಯುವಾಗ ಮರ ಜಾರುತ್ತಿದೆ.

ಕೊಯ್ದ ಮುಖವನ್ನು ಓದಿ

ತುಂಡನ್ನು ಬಿಸಾಡುವ ಮೊದಲು ಕೊಯ್ದ ಮುಖದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು, ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ನೋಡಿ. ಮುಖ ಸಪಾಟಾಗಿದ್ದು ಓರೆಯಾಗಿದ್ದರೆ ಗೈಡ್, ಗೈಡನ್ನು ಹೊತ್ತ ಕಂಬ ಅಥವಾ ಫೆನ್ಸ್ ಮೇಲೆ ಅನುಮಾನ. ಮುಖ ಬಾಗಿದ್ದರೆ, ಅಂದರೆ ಸ್ಕೇಲಿನ ಕೆಳಗೆ ನಡುವೆ ಬೆಳಕು ಕಂಡರೆ ಅಥವಾ ಸ್ಕೇಲು ನಡುವಿನ ಉಬ್ಬಿನ ಮೇಲೆ ತೂಗಾಡಿದರೆ, ಅಲಗು ಬಾಗಿಕೊಂಡು ಹೋಗಿದೆ. ಅದಕ್ಕೆ ಕಾರಣ ಹಲ್ಲು ಅಥವಾ ಕೈಯ ಒತ್ತಡ. ಅಲ್ಲಲ್ಲಿ ಒಂಟಿ ಆಳವಾದ ಗೀರು ಇದ್ದರೆ ಒಂದೋ ಎರಡೋ ಹಲ್ಲು ಉಳಿದವಕ್ಕಿಂತ ಹೊರಗೆ ಚಾಚಿದೆ. ಮೊದಲ ಒಂದೆರಡು ಮಿಲಿಮೀಟರಿನಲ್ಲಿ ಮಾತ್ರ ಸಣ್ಣ ಮೆಟ್ಟಿಲು ಕಂಡರೆ ಶುರುವಿನಲ್ಲಿ ಗರಗಸ ಗೈಡಿನೊಳಗೆ ಓಲಾಡಿದೆ.

ಇಷ್ಟು ನೋಡಿಕೊಂಡರೆ ಮುಂದಿನ ಅರ್ಧ ಕೆಲಸ ಉಳಿಯುತ್ತದೆ.

ಗರಗಸ

ವಾಲಿದ ಕೊಯ್ತಕ್ಕೆ ಮೊದಲ ಆರೋಪಿ ಗರಗಸ. ಇದನ್ನು ಕಂಬದ ದೋಷದಿಂದ ಬೇರ್ಪಡಿಸುವ ದಾರಿ ಸುಲಭ. 10 ಮಿ.ಮೀ. ದಪ್ಪದ ಪಟ್ಟಿಯನ್ನೂ 60 ಮಿ.ಮೀ. ದಪ್ಪದ ತುಂಡನ್ನೂ ಕೊಯ್ದು ಹೋಲಿಸಿ. ಓರೆ ಎರಡರಲ್ಲೂ ಅದೇ ಕೋನದಲ್ಲಿದ್ದರೆ ಕಂಬ ವಾಲಿದೆ. ತೆಳು ಪಟ್ಟಿ ಸರಿಯಾಗಿ ಬಂದು ದಪ್ಪದ್ದು ಕೆಳಕ್ಕೆ ಹೋದಂತೆ ಹೆಚ್ಚು ಹೆಚ್ಚು ಓರೆಯಾದರೆ ಹಲ್ಲಿನ ಸೆಟ್, ಅಂದರೆ ಹಲ್ಲುಗಳನ್ನು ಒಂದು ಬಿಟ್ಟು ಒಂದು ಎಡಕ್ಕೂ ಬಲಕ್ಕೂ ಬಾಗಿಸಿರುವ ಅಳತೆ, ಸರಿಯಿಲ್ಲ. ಗೈಡ್ ಹಿಡಿದಿರುವುದು ಅಲಗಿನ ಮೇಲ್ಭಾಗವನ್ನು ಮಾತ್ರ. ಕೆಳಗಿನ ಹಲ್ಲು ಒಂದು ಪಕ್ಕಕ್ಕೆ ಹೆಚ್ಚು ಬಾಗಿದ್ದರೆ ಅಲಗು ಆ ಪಕ್ಕಕ್ಕೇ ಎಳೆಯುತ್ತದೆ, ಆಳ ಹೆಚ್ಚಿದಷ್ಟೂ ಎಳೆತ ಹೆಚ್ಚು.

ಪರಿಹಾರ: ಗರಗಸವನ್ನು ಸಮತಟ್ಟಾದ ಹಲಗೆಯ ಮೇಲೆ ಮಲಗಿಸಿ, ಎಳೆಯುತ್ತಿರುವ ಪಕ್ಕ ಮೇಲೆ ಬರಲಿ. ನಯವಾದ ಸಾಣೆಕಲ್ಲನ್ನು ಅಲಗಿಗೆ ಸಪಾಟಾಗಿ ಆನಿಸಿ, ಹಿಡಿಯ ಕಡೆಯಿಂದ ತುದಿಯವರೆಗೆ ಹಲ್ಲುಗಳ ಪಕ್ಕದ ಮೇಲೆ ಒಂದೇ ಒಂದು ಸಲ, ಭಾರ ಹಾಕದೆ ಎಳೆಯಿರಿ. ಕೊಯ್ದು ನೋಡಿ. ಬೇಕಿದ್ದರೆ ಇನ್ನೊಂದು ಸಲ. ಮೂರು ಸಲಕ್ಕೂ ಬದಲಾಗದಿದ್ದರೆ ನಿಲ್ಲಿಸಿ, ಹಲ್ಲಿನ ಸೆಟ್ಟನ್ನೇ ಹೊಸದಾಗಿ ಮಾಡಬೇಕು. ಗೈಡಿನಲ್ಲಿ ಓಡುವ ಗರಗಸಕ್ಕೆ ಸೆಟ್ ಬಹಳ ಕಡಿಮೆ ಸಾಕು. ಒಣ ತೇಗ, ಬೀಟೆ, ಹೊನ್ನೆಗೆ ಪ್ರತಿ ಪಕ್ಕ 0.1 ಮಿ.ಮೀ. ಇದ್ದರೆ ಸರಾಗ. ಮರದ ಮಿಲ್ಲಿನಿಂದ ಬಂದ ಹಸಿ ಮರಕ್ಕೆ ಮಾಡಿದ ಸೆಟ್ಟಿನಲ್ಲಿ ಬೀಟೆ ಕೊಯ್ದರೆ ಮುಖ ಒರಟಾಗುತ್ತದೆ, ಗರಗಸವೂ ಸೀಳಿನೊಳಗೆ ಅಲುಗುತ್ತದೆ.

ಮೊಂಡು ಹಲ್ಲನ್ನು ಗುರುತಿಸಲು ಕಿಟಕಿಯ ಬೆಳಕಿನಲ್ಲಿ ಹಲ್ಲಿನ ತುದಿಗಳನ್ನು ನೋಡಿ. ಚೂಪಾದ ತುದಿ ಬೆಳಕನ್ನು ಹಿಂದಕ್ಕೆ ಕೊಡುವುದಿಲ್ಲ, ಮೊಂಡಾದದ್ದು ಸಣ್ಣ ಚುಕ್ಕೆಯಂತೆ ಮಿನುಗುತ್ತದೆ. ತೇಗದಲ್ಲಿ ಮರಳಿನ ಅಂಶ ಇರುವುದರಿಂದ ಹಲ್ಲು ಬೇಗ ಮೊಂಡಾಗುತ್ತದೆ, ಚೌಕಟ್ಟಿನ ಕೆಲಸ ಹೆಚ್ಚಿರುವ ಕಡೆ ಇದನ್ನು ವಾರಕ್ಕೊಮ್ಮೆಯಾದರೂ ನೋಡಬೇಕು. ಅರ ಹಾಕುವಾಗ ಮೊದಲು ಚಪ್ಪಟೆ ಅರವನ್ನು ಎಲ್ಲ ಹಲ್ಲಿನ ತಲೆಯ ಮೇಲೆ ಎಳೆದು ಎತ್ತರ ಒಂದೇ ಮಾಡಿ, ಆಮೇಲೆ ಆಕಾರ, ಆಮೇಲೆ ಸೆಟ್, ಕೊನೆಗೆ ಸಣ್ಣ ತ್ರಿಕೋನ ಅರದಿಂದ ಚೂಪು. ಮೈಟರ್ ಗರಗಸಕ್ಕೆ ಇಂಚಿಗೆ 11–12 ತುದಿ, ಅಡ್ಡಕೊಯ್ತದ ಹಲ್ಲು. ಅರವನ್ನು ಅಲಗಿಗೆ ನೇರವಾಗಿ ಹಿಡಿಯದೆ 15ರಿಂದ 20 ಡಿಗ್ರಿ ಓರೆ ಹಿಡಿಯಬೇಕು. ಒಂದು ಪಕ್ಕದಿಂದ ಹಾಕುವಾಗ ಕೈ ಭಾರ ಹೆಚ್ಚಾದರೆ ಮತ್ತೆ ಅದೇ ಎಳೆತ ಶುರುವಾಗುತ್ತದೆ.

ಹಲ್ಲು ಸರಿಯಿದ್ದೂ ಕೊಯ್ತ ಬಾಗುತ್ತಿದ್ದರೆ ಗರಗಸವನ್ನು ತಲೆಕೆಳಗಾಗಿ ಹಿಡಿದು ಹಲ್ಲಿನ ಸಾಲಿನುದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ. ಅಲಗಿನ ಮೇಲಂಚಿಗೆ ಕೂರಿಸಿದ ಬೆನ್ನುಪಟ್ಟಿ ನೇರವಿದ್ದು ಹಲ್ಲಿನ ಸಾಲು ಅಲೆಯಾಗಿದ್ದರೆ ಅಲಗು ಬೆನ್ನುಪಟ್ಟಿಯೊಳಗೆ ಸರಿಯಾಗಿ ಕೂತಿಲ್ಲ. ಅಲಗನ್ನು ಎರಡು ಮರದ ತುಂಡಿನ ನಡುವೆ ವೈಸಿನಲ್ಲಿ ಕಚ್ಚಿಸಿ, ಬೆನ್ನುಪಟ್ಟಿಯನ್ನು ಕೊಡತಿಯಿಂದ ಕೂದಲೆಳೆಯಷ್ಟು ಮೇಲಕ್ಕೆ ತಟ್ಟಿ ಸಡಿಲಿಸಿ, ಮತ್ತೆ ಎರಡೂ ತುದಿಯಲ್ಲಿ ಸಮವಾಗಿ ಕೆಳಕ್ಕೆ ತಟ್ಟಿ. ಬಹಳಷ್ಟು ಗರಗಸ ಇಷ್ಟಕ್ಕೇ ನೇರವಾಗುತ್ತವೆ. ಅಲಗಿನ ಮೇಲೆ ಸುತ್ತಿಗೆ ಹಾಕಬೇಡಿ.

ಗುಜರಿಯಲ್ಲಿ ಸಿಗುವ ಬಾಕ್ಸುಗಳ ದೊಡ್ಡ ತೊಂದರೆ ಬೇರೆ: ಜೊತೆಯ ಗರಗಸ ಕಳೆದುಹೋಗಿರುತ್ತದೆ. ಆ ಬಾಕ್ಸುಗಳ ಗರಗಸ ಹೆಚ್ಚಾಗಿ 24ರಿಂದ 30 ಇಂಚು ಉದ್ದದವು. ಸ್ಟ್ಯಾನ್ಲಿ 358ಕ್ಕೆ ಬರುತ್ತಿದ್ದದ್ದು 28 ಇಂಚು ಉದ್ದ, ಬೆನ್ನಿನ ಕೆಳಗೆ 5 ಇಂಚು ಅಲಗಿನ ಗರಗಸ. ಇಂಥ ಬಾಕ್ಸಿಗೆ ಅಂಗಡಿಯ 12 ಇಂಚಿನ ಟೆನನ್ ಗರಗಸ ಹಾಕಿದರೆ ಎರಡು ತೊಂದರೆ. ಮುಂದಿನ ಮತ್ತು ಹಿಂದಿನ ಗೈಡಿನ ನಡುವೆಯೇ 8 ಇಂಚು ಹೋದರೆ ಎಳೆಯಲು ಉಳಿಯುವುದು 4 ಇಂಚು, ಸ್ವಲ್ಪ ಹೆಚ್ಚು ಎಳೆದರೂ ತುದಿ ಹಿಂದಿನ ಗೈಡಿನಿಂದ ಹೊರಬಿದ್ದು ಕೊಯ್ತ ಸೊಟ್ಟಗಾಗುತ್ತದೆ. ಎರಡನೆಯದು, ಅಲಗಿನ ಆಳ ಸಾಲದೆ ಮರ ಪೂರ್ತಿ ತುಂಡಾಗುವ ಮೊದಲೇ ಬೆನ್ನುಪಟ್ಟಿ ಮರಕ್ಕೆ ತಾಗುತ್ತದೆ. ಉದ್ದದ ಗರಗಸ ಸಿಗುವವರೆಗೆ ಅಂಥ ಬಾಕ್ಸಿನ ಕೋನದ ಬಗ್ಗೆ ಏನನ್ನೂ ತೀರ್ಮಾನಿಸಬೇಡಿ.

ಗೈಡ್ ಮತ್ತು ಕಂಬ

ಗರಗಸವನ್ನು ಗೈಡಿನಲ್ಲಿ ಕೂರಿಸಿ, ಮರವಿಲ್ಲದೆ ತಳದವರೆಗೆ ಇಳಿಸಿ, ಬೆನ್ನನ್ನು ಬೆರಳಲ್ಲಿ ಹಿಡಿದು ಅಡ್ಡಡ್ಡ ಅಲುಗಿಸಿ. ಟಕ್ ಟಕ್ ಸದ್ದು ಬಂದರೆ ಗೈಡಿನ ಸೀಳು ಸವೆದಿದೆ, ಇಲ್ಲವೇ ಸ್ಕ್ರೂ ಸಡಿಲ. ಅಲಗಿಗೂ ಗೈಡಿಗೂ ನಡುವೆ ಒಂದು ಎ4 ಹಾಳೆ ಕಷ್ಟಪಟ್ಟು ಹೋಗುವಷ್ಟು ಜಾಗ ಸಾಕು. ಹೊಂದಿಸುವ ಸ್ಕ್ರೂ ಇರುವ ಬಾಕ್ಸಿನಲ್ಲಿ ಮುಂದಿನ ಗೈಡನ್ನು ಮೊದಲು, ಹಿಂದಿನದನ್ನು ಆಮೇಲೆ ಬಿಗಿ ಮಾಡಿ. ಗರಗಸ ತನ್ನ ಭಾರಕ್ಕೇ ಕೆಳಗೆ ಇಳಿಯಬೇಕು, ಸಿಕ್ಕಿಕೊಳ್ಳಬಾರದು. ಸ್ಕ್ರೂ ಇಲ್ಲದಿದ್ದರೆ ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದ ಪಟ್ಟಿ ಕತ್ತರಿಸಿ, ಗೈಡಿನ ಸವೆದ ಒಳಮುಖಕ್ಕೆ ಅರಲ್ಡೈಟ್‌ನಲ್ಲಿ ಅಂಟಿಸಿ. ಆ ತಗಡೂ ಸುಮಾರು 0.1 ಮಿ.ಮೀ. ದಪ್ಪವೇ.

ಗೈಡಿಗೆ ಎಣ್ಣೆ ಬೇಡ. ಎಣ್ಣೆ ಅಲಗಿಗೆ ಹತ್ತಿ, ಅಲಗಿನಿಂದ ಮರಕ್ಕೆ ಹತ್ತಿ, ಪಾಲಿಶ್ ಹಾಕಿದಾಗ ಮೂಲೆಯಲ್ಲಿ ಕಲೆಯಾಗಿ ಏಳುತ್ತದೆ. ಅಲಗಿನ ಎರಡೂ ಪಕ್ಕಕ್ಕೆ ಮೇಣದಬತ್ತಿ ಉಜ್ಜಿದರೆ ಸಾಕು.

ಕಂಬದ ವಾಲಿಕೆ ನೋಡಲು ಸಣ್ಣ ಮೂಲೆಮಟ್ಟವನ್ನು ತಳದ ಮೇಲೆ ನಿಲ್ಲಿಸಿ, ಅಲಗಿಗೆ ಹಲ್ಲಿನ ಮೇಲ್ಗಡೆ ತಾಗಿಸಿ. ಹಲ್ಲಿಗೆ ತಾಗಿದರೆ ಸೆಟ್ ಅಡ್ಡ ಬಂದು ಸುಳ್ಳು ಹೇಳುತ್ತದೆ. 90ರಲ್ಲಿ, ಎಡ 45ರಲ್ಲಿ, ಬಲ 45ರಲ್ಲಿ ಮೂರೂ ಕಡೆ ನೋಡಿ. ಮೂರರಲ್ಲೂ ಅಲಗು ಒಂದೇ ಪಕ್ಕಕ್ಕೆ, ಒಂದೇ ಅಳತೆಯಲ್ಲಿ ವಾಲಿದ್ದರೆ ಕಂಬದ ಬುಡ. ಬುಡದ ಸ್ಕ್ರೂ ಸಡಿಲಿಸಿ, ವಾಲಿದ ಪಕ್ಕದ ಕೆಳಗೆ ತಗಡಿನ ಚೂರು ಕೊಟ್ಟು ಬಿಗಿ ಮಾಡಿ. ಕೋನ ಬದಲಾದಂತೆ ವಾಲಿಕೆಯೂ ಬದಲಾದರೆ ಕಂಬ ನಿರಪರಾಧಿ: ತಳ ತಿರುಚಿದೆ, ಇಲ್ಲವೇ ತೋಳು ತಿರುಗುವ ಮೊಳೆ ಸವೆದು ತೋಳು ಕೆಳಕ್ಕೆ ಜೋಲುತ್ತಿದೆ.

ತಳ ಮತ್ತು ಫೆನ್ಸ್

ಮೊದಲು ಗುಡಿಸಿ. ತಳಕ್ಕೂ ಫೆನ್ಸಿಗೂ ಕೂಡುವ ಮೂಲೆಯಲ್ಲಿ ಗರಗಸದ ಹೊಟ್ಟು ಒತ್ತಿ ಒತ್ತಿ ಗಟ್ಟಿಯಾಗಿರುತ್ತದೆ. ಹೊರಗಿನಿಂದ ನೋಡಿದರೆ ಮರ ಆತುಕೊಂಡಂತೆಯೇ ಕಾಣುತ್ತದೆ, ಕೆಳಅಂಚು ಮಾತ್ರ ಅರ್ಧ ಮಿಲಿಮೀಟರು ದೂರ ನಿಂತಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ ಬಾಕ್ಸಿನ ಪಕ್ಕದಲ್ಲೇ ಇರಲಿ, ಪ್ರತಿ ಕೊಯ್ತಕ್ಕೂ ಒಂದು ಸಲ ಆಡಿಸಿ.

ಕಬ್ಬಿಣದ ತಳದ ಮೇಲೆ ಮರದ ಹಲಗೆ ಕೂರಿಸಿರುವ ಬಾಕ್ಸಿನಲ್ಲಿ ಆ ಹಲಗೆ ಸವೆದು ನಡುವೆ ಹಳ್ಳವಾಗಿರುತ್ತದೆ. ಆಗ ಕೊಯ್ತದ ಕೊನೆಯಲ್ಲಿ ಮರದ ಕೆಳಗೆ ಆಸರೆಯಿಲ್ಲದೆ ಸಿಬಿರು ಏಳುತ್ತದೆ, ತುಂಡು ಕೆಳಕ್ಕೆ ಬಾಗುತ್ತದೆ. ಒಣಗಿದ ತೇಗದ್ದೋ ಹೊನ್ನೆಯದ್ದೋ ಹೊಸ ಹಲಗೆ ಹಾಕಿ, ಸ್ಕ್ರೂಗಳ ತಲೆ ಚೆನ್ನಾಗಿ ಒಳಗೆ ಇಳಿದಿರಲಿ, ಇಲ್ಲವಾದರೆ ಹಲ್ಲಿಗೆ ಬಲಿ. ಎರಡೂ ತುದಿಯಲ್ಲಿ ದಪ್ಪ ಒಂದೇ ಇದೆಯೇ ಎಂದು ಅಳೆಯಿರಿ, ಹಲಗೆ ಬೆಣೆಯಾಕಾರವಿದ್ದರೆ ಕೊಯ್ತವೂ ವಾಲುತ್ತದೆ.

ಫೆನ್ಸಿನುದ್ದಕ್ಕೂ ನೇರಪಟ್ಟಿ ಇಟ್ಟು ನೋಡಿ. ಗರಗಸ ಹಾಯುವ ಸೀಳಿನ ಎಡಬಲದ ಭಾಗಗಳು ಒಂದೇ ನೇರದಲ್ಲಿರಬೇಕು. ಒಂದು ಭಾಗ ಹಿಂದಿದ್ದರೆ ಎಡಗಡೆ ಕೊಯ್ದದ್ದು ಸರಿ ಬಂದು ಬಲಗಡೆಯದ್ದು ತಪ್ಪುತ್ತದೆ. ಸ್ಕ್ರೂ ಇರುವ ಫೆನ್ಸಾದರೆ ಹಿಂದೆ ಕಾಗದ ಕೊಟ್ಟು ಹೊಂದಿಸಿ. ತಳದ ಜೊತೆಗೇ ಎರಕ ಹೊಯ್ದಿದ್ದರೆ ಅರ ಹಾಕಬೇಡಿ. 12 ಮಿ.ಮೀ. ದಪ್ಪದ ಮರದ ಪಟ್ಟಿಯನ್ನು ಬೇಕಾದಷ್ಟು ಓರೆ ಹತ್ತರಿ ಹೊಡೆದು ಫೆನ್ಸಿನ ಮುಂದೆ ಕೂರಿಸಿ. ತಪ್ಪಾದರೆ ಪಟ್ಟಿ ಬದಲಿಸಬಹುದು, ಎರಕಕ್ಕೆ ಏನೂ ಆಗುವುದಿಲ್ಲ.

45ರಲ್ಲಿ ಮಾತ್ರ ತಪ್ಪುತ್ತಿದ್ದರೆ

ಎಡಕ್ಕೊಂದು ಬಲಕ್ಕೊಂದು ಕೊಯ್ದು ಮೂಲೆಮಟ್ಟದಲ್ಲಿ ನೋಡಿದರೆ ಎರಡೂ ತಪ್ಪು ಕೂಡಿಯೋ ಕಳೆದೋ ಕಾಣುತ್ತವೆ, ಯಾವುದು ಯಾರದ್ದು ತಿಳಿಯುವುದಿಲ್ಲ. ಬೀಡಿಂಗ್ ಬೇಡ, ಸಪಾಟಾದ ಪಟ್ಟಿ ತೆಗೆದುಕೊಳ್ಳಿ. ಎಡ 45ರಲ್ಲೇ ಎರಡು ತುಂಡು ಕೊಯ್ದು ಒಂದನ್ನು ಮಗುಚಿ ಜೋಡಿಸಿ, ಎಡದ ತಪ್ಪು ಎರಡರಷ್ಟಾಗಿ ಕಾಣುತ್ತದೆ. ಬಲ 45ರಲ್ಲೂ ಹಾಗೇ ಮಾಡಿ.

ಈಗ ಲೆಕ್ಕ ಹಾಕಿ. ಎಡ 45.3, ಬಲ 44.7 ಬಂದರೆ ಕಚ್ಚುಗಳು ಸರಿಯಾಗೇ ಇವೆ, ಫೆನ್ಸ್ 0.3 ಡಿಗ್ರಿ ತಿರುಗಿ ನಿಂತಿದೆ. 90ರಲ್ಲೂ ಅಷ್ಟೇ ತಪ್ಪು ಸಿಗಬೇಕು, ಸಿಕ್ಕರೆ ಖಾತ್ರಿ. ಈ ಒಂದು ದೋಷವನ್ನು ಕೋನದ ದೋಷವೆಂದುಕೊಂಡು ಎಷ್ಟೋ ಒಳ್ಳೆಯ ಬಾಕ್ಸುಗಳ ಕಚ್ಚಿಗೆ ಅರ ಹಾಕಿ ಕೆಡಿಸುತ್ತಾರೆ. ಎರಡೂ ಕಡೆ 45.3, ಅಥವಾ ಎರಡೂ ಕಡೆ 44.7 ಬಂದು 90 ಸರಿಯಿದ್ದರೆ ಮಾತ್ರ ಕಚ್ಚನ್ನೂ ತೋಳಿನ ಮೊಳೆಯನ್ನೂ ನೋಡಬೇಕು. ಕಚ್ಚಿನೊಳಗೆ ಒಣಗಿದ ಗ್ರೀಸು, ಹೊಟ್ಟು ಕೂತಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಬಿದಿರಿನ ಕಡ್ಡಿಯಿಂದ ಕೆದಕಿ ತೆಗೆಯಿರಿ. ಮೊಳೆ ಸವೆದಿದ್ದರೆ ಲೇತ್‌ನಲ್ಲಿ ದಪ್ಪ ಹೆಚ್ಚಿಸಿದ ಹೊಸ ಮೊಳೆ ಮಾಡಿಸುವುದೇ ಸರಿ. ಅಲ್ಲಿಯವರೆಗೆ ತೋಳನ್ನು ಯಾವಾಗಲೂ ಒಂದೇ ಕಡೆಯಿಂದ ತಳ್ಳಿಕೊಂಡು ಬಂದು ಕಚ್ಚಿಗೆ ಬೀಳಿಸಿ, ಆಟ ಒಂದೇ ಪಕ್ಕಕ್ಕೆ ಉಳಿಯುತ್ತದೆ.

ಜೋಡಿಸಿದ ಚೌಕಟ್ಟಿನಿಂದಲೇ ದಿಕ್ಕು ತಿಳಿಯಬೇಕಾದರೆ: ಒಳಮೂಲೆ ತೆರೆದಿದ್ದರೆ ತೋಳು 45ಕ್ಕಿಂತ ಹೆಚ್ಚು ತಿರುಗಿದೆ, 90ರ ಕಡೆಗೆ ತುಸು ತರಬೇಕು. ಹೊರಮೂಲೆ ತೆರೆದಿದ್ದರೆ ಇನ್ನೂ ತಿರುಗಬೇಕು.

ಕೆಲವು ಹಳೇ ಬಾಕ್ಸಿನಲ್ಲಿ ಕೋನದ ಕಚ್ಚುಗಳಿರುವ ಕಮಾನಿನ ಮೇಲೆ 4, 5, 6, 8 ಎಂಬ ಅಂಕಿಗಳಿರುತ್ತವೆ. ಅವು ಡಿಗ್ರಿಯಲ್ಲ, ಚೌಕಟ್ಟಿಗೆ ಎಷ್ಟು ಬದಿ ಎಂಬ ಲೆಕ್ಕ. 180ನ್ನು ಬದಿಗಳ ಸಂಖ್ಯೆಯಿಂದ ಭಾಗಿಸಿದರೆ ನೇರ ಕೊಯ್ತದಿಂದ ತೋಳು ತಿರುಗಬೇಕಾದ ಕೋನ: ಆರು ಬದಿಗೆ 30, ಎಂಟು ಬದಿಗೆ 22.5. ಎಂಟು ಬದಿಯ ಚೌಕಟ್ಟಿನಲ್ಲಿ ಹದಿನಾರು ಕೊಯ್ತ, ಆದ್ದರಿಂದ ನಾಲ್ಕು ಬದಿಯದ್ದರಲ್ಲಿ ತಡೆದುಕೊಂಡ ತಪ್ಪು ಇಲ್ಲಿ ಎರಡರಷ್ಟಾಗಿ ಎದ್ದು ಬರುತ್ತದೆ.

ಕೋನ ಸರಿ, ಮೂಲೆ ಮಾತ್ರ ಕೂಡದು

ಎದುರು ಬದುರಿನ ಬದಿಗಳ ಉದ್ದ ಒಂದೇ ಇದೆಯೇ? ಎರಡನ್ನೂ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ, ತುದಿಯ ಮೇಲೆ ಬೆರಳು ಆಡಿಸಿ. ಉಗುರಿಗೆ ಸಿಗುವಷ್ಟು ವ್ಯತ್ಯಾಸವಿದ್ದರೆ ಅದೇ ಕಾರಣ. ಟೇಪು ಹಿಡಿದು ಗುರುತು ಹಾಕುವುದನ್ನು ಬಿಟ್ಟು, ಫೆನ್ಸಿಗೆ ಒಂದು ತುಂಡನ್ನು ಕ್ಲಾಂಪ್ ಮಾಡಿ ಅದಕ್ಕೆ ತಾಗಿಸಿಯೇ ಜೋಡಿ ಬದಿಗಳನ್ನು ಕೊಯ್ಯಿರಿ.

ಓರೆ ಕೊಯ್ಯುವಾಗ ಗರಗಸ ಮರವನ್ನು ಫೆನ್ಸಿನುದ್ದಕ್ಕೂ ತಳ್ಳುತ್ತದೆ. ಅರ್ಧ ಮಿಲಿಮೀಟರು ಜಾರಿದರೂ ಮುಖ ಬಾಗುತ್ತದೆ, ಮೂರು ಪರೀಕ್ಷೆಯೂ ಮೂರು ಥರ ಬರುವುದು ಸಾಮಾನ್ಯವಾಗಿ ಇದರಿಂದಲೇ. ಫೆನ್ಸಿಗೆ 120 ನಂಬರಿನ ಉಪ್ಪುಕಾಗದ ಅಂಟಿಸಿ, ಎರಡೂ ಭಾಗಕ್ಕೆ, ಒಂದಕ್ಕೇ ಅಂಟಿಸಿದರೆ ಕಾಗದದ ದಪ್ಪವೇ ತಪ್ಪಾಗುತ್ತದೆ. ಬೀಟೆಯಂಥ ನುಣುಪು ಮರಕ್ಕೆ ಕ್ಲಾಂಪೂ ಬೇಕು. ಬೆನ್ನಿನಲ್ಲಿ ಗಾಜಿಗೆ ಕಚ್ಚು ತೆಗೆದ ಬೀಡಿಂಗ್ ತಳದ ಮೇಲೆ ನೆಟ್ಟಗೆ ಕೂರದೆ ಒಂದು ಪಕ್ಕಕ್ಕೆ ಉರುಳುತ್ತದೆ, ಆ ಕಚ್ಚಿನ ಅಳತೆಗೇ ಒಂದು ರೀಪರ್ ಕೊಟ್ಟು ಆಸರೆ ಮಾಡಿ.

ಕೊಯ್ಯುವ ಕೈಗೆ ಒಂದೇ ಮಾತು: ಒತ್ತಬೇಡಿ. ಇಷ್ಟು ಉದ್ದದ ಬೆನ್ನುಳ್ಳ ಗರಗಸದ ಭಾರವೇ ಸಾಕು. ಮೊದಲ ಎರಡು ಮೂರು ಎಳೆತ ಹಿಂದಕ್ಕೆ, ಹಗುರವಾಗಿ, ಆಮೇಲೆ ಪೂರ್ತಿ ಉದ್ದಕ್ಕೆ.

ಅರ್ಧ ಕಚ್ಚು ಮತ್ತು ಟೆನನ್ನಿನ ಹೆಗಲು

ಆಳ ತಡೆಯುವ ಸ್ಟಾಪರ್ ಇರುವ ಬಾಕ್ಸಿನಲ್ಲಿ ಮರಕ್ಕೆ ಮರ ಕೂರಿಸುವ ಅರ್ಧ ಕಚ್ಚನ್ನು ಚೆನ್ನಾಗಿ ಕೊಯ್ಯಬಹುದು. ಕಚ್ಚಿನ ತಳ ಇಳಿಜಾರಾಗಿದ್ದರೆ ಮುಂದಿನ ಕಂಬದ ಸ್ಟಾಪರಿಗೂ ಹಿಂದಿನದಕ್ಕೂ ಎತ್ತರ ಬೇರೆಯಾಗಿದೆ. ಒಂದೇ ಮರದ ತುಂಡನ್ನು ಎರಡರ ಕೆಳಗೂ ಇಟ್ಟು ಹೊಂದಿಸಿ. ಸರಿಯಾಗಿ ಅರ್ಧ ಬಂದಿದೆಯೇ ಎಂದು ತಿಳಿಯಲು ಉಳಿದ ತುಂಡಿಗೆ ಮೇಲಿಂದ ಒಂದು ಸೀಳು ಹಾಕಿ, ಮಗುಚಿ ಅದೇ ಜಾಗಕ್ಕೆ ಇನ್ನೊಂದು. ಎರಡು ಸೀಳು ನಡುವೆ ಆಗಷ್ಟೇ ಸೇರಿ ತುಂಡು ಕೈಗೆ ಬಂದರೆ ಸರಿ. ನಡುವೆ ತೆಳು ಪೊರೆ ಉಳಿದರೆ ಅದರ ಅರ್ಧದಷ್ಟು ಸ್ಟಾಪರ್ ಇಳಿಸಿ.

ಬಾಗಿಲು ಕಿಟಕಿಯ ಟೆನನ್ (ತೂತಿಗೆ ಕೂರುವ ನಾಲಗೆ) ಹೆಗಲು ಒಂದು ಮುಖದಲ್ಲಿ ಕೂಡಿ ಇನ್ನೊಂದು ಮುಖದಲ್ಲಿ ಬಿಟ್ಟರೆ ಮರವನ್ನು ಮಗುಚಿದಾಗ ಅದು ಉದ್ದಕ್ಕೆ ತಡೆಯಾಗಿ ಕ್ಲಾಂಪ್ ಮಾಡಿದ ತುಂಡಿನಿಂದ ಸರಿದಿದೆ, ಇಲ್ಲವೇ ಮರದ ತುದಿಯೇ ಮೂಲೆಮಟ್ಟಕ್ಕಿಲ್ಲ. ತುದಿಯನ್ನು ಮೊದಲು ಬಾಕ್ಸಿನಲ್ಲೇ 90ಕ್ಕೆ ಕೊಯ್ದುಕೊಂಡು ಆಮೇಲೆ ಹೆಗಲಿಗೆ ಬನ್ನಿ.

ಮರದ ಮೈಟರ್ ಬಾಕ್ಸ್

ಆಚಾರಿಗಳು ತಾವೇ ಮಾಡಿಕೊಂಡ ಮೂರು ಹಲಗೆಯ ಬಾಕ್ಸಿನಲ್ಲಿ ದೋಷ ಎರಡೇ. ಒಂದು, ಸೀಳು ಅಗಲವಾಗುವುದು. ಅಲಗು ಸೀಳಿನೊಳಗೆ ಅಲುಗಾಡಿದರೆ ಅದನ್ನು ತುಂಬುವ ಗೋಜಿಗೆ ಹೋಗದೆ 20 ಮಿ.ಮೀ. ಪಕ್ಕದಲ್ಲಿ ಹೊಸ ಸೀಳು ಹಾಕಿ. ಯಾವ ಗರಗಸ ಬಳಸುತ್ತೀರೋ ಅದರಿಂದಲೇ ಹಾಕಬೇಕು. ಎರಡು, ಪಕ್ಕದ ಹಲಗೆಗಳು ಹೊರಕ್ಕೆ ವಾಲುವುದು. ಒಳಗಿನ ಅಗಲವನ್ನು ಬುಡದಲ್ಲೂ ಮೇಲೂ ಅಳೆಯಿರಿ, ಮಳೆಗಾಲ ಕಳೆದ ಮೇಲೆ ವ್ಯತ್ಯಾಸ ಬರುವುದು ಇದ್ದದ್ದೇ. ಮೊಳೆ ಹೊಡೆದದ್ದಾದರೆ ಕಿತ್ತು ಅಂಟು, ಸ್ಕ್ರೂ ಹಾಕಿ. ಎರಡೂ ಪಕ್ಕದ ತಲೆಯ ಮೇಲೆ ಸೀಳುಗಳಿಂದ ದೂರವಾಗಿ ಒಂದು ಅಡ್ಡಪಟ್ಟಿ ಬಿಗಿದರೆ ವಾಲುವುದು ನಿಲ್ಲುತ್ತದೆ. ಕೆಲಸದ ಮರದ ಕೆಳಗೆ ಯಾವಾಗಲೂ ಒಂದು ಬೇಡದ ಪಟ್ಟಿ ಇರಲಿ, ತಳಕ್ಕೆ ಗರಗಸ ತಾಗಬಾರದು.

ತುಕ್ಕು, ಬಿರುಕು

ಹಿಡಿದುಕೊಂಡ ಕಂಬ, ಸ್ಕ್ರೂಗಳನ್ನು ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿ, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಸ್ವಲ್ಪ ಸ್ವಲ್ಪವೇ ಹಿಂದೆ ಮುಂದೆ ತಿರುಗಿಸಿ ಬಿಡಿಸಿ. ಗರಗಸವನ್ನು ಮೇಲೆ ಎತ್ತಿ ಹಿಡಿಯುವ ಕೊಕ್ಕೆ ನಿಲ್ಲದಿದ್ದರೆ ಅದರ ಸ್ಪ್ರಿಂಗ್ ಸೋತಿರುತ್ತದೆ, ಅಳತೆ ಕೊಟ್ಟರೆ ಸ್ಪ್ರಿಂಗ್ ಅಂಗಡಿಯಲ್ಲಿ ಮಾಡಿಕೊಡುತ್ತಾರೆ. ಎರಕದ ಮೇಲೆ ಸುತ್ತಿಗೆ ಬಿದ್ದರೆ ಒಡೆಯುತ್ತದೆ, ಬಾಗುವುದಿಲ್ಲ.

ಕೊಳ್ಳುವಾಗ ಗ್ರೀಸು ಒರೆಸಿ, ತೋಳು ತಿರುಗುವ ಜಾಗದ ಸುತ್ತ ಬೆಳಕು ಬಿಟ್ಟು ನೋಡಿ. ಅಲ್ಲಿ ಕೂದಲಿನಂಥ ಬಿರುಕು ಕಂಡರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ, ಆ ಬಾಕ್ಸ್ ಇನ್ನು ಕೋನ ಹಿಡಿಯುವುದಿಲ್ಲ. ಬಿರುಕು ಕಾಲಿನಲ್ಲೋ ತಳದ ತುದಿಯಲ್ಲೋ ಇದ್ದರೆ ಹಿತ್ತಾಳೆಯ ಬೆಸುಗೆ ಹಾಕಿಸಬಹುದು, ಸಾಮಾನ್ಯ ವೆಲ್ಡಿಂಗ್ ರಾಡಿನಲ್ಲಿ ಹಾಕಿಸಿದರೆ ಪಕ್ಕದಲ್ಲೇ ಮತ್ತೆ ಬಿರಿಯುತ್ತದೆ. ಬೆಸುಗೆಯ ಬಿಸಿಗೆ ತಳ ತಿರುಚುವುದುಂಟು. ಆದ್ದರಿಂದ ಪೂರ್ತಿ ಆರಿದ ಮೇಲೆ ನೇರಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿ, 90, ಎಡ 45, ಬಲ 45ರ ಮಗುಚು ಪರೀಕ್ಷೆಯನ್ನು ಹೊಸದಾಗಿ ಮಾಡಿಯೇ ಕೆಲಸದ ಮರವನ್ನು ಅದರ ಮೇಲೆ ಇಡಿ.